ಅಜ್ಜಿಯ ವಯಸ್ಸಿಗೆ ಮೂರು ಸಮೀಕರಣ

ಆಸ್ಪತ್ರೆಯ ಕೌಂಟರಿನಲ್ಲಿ ಕೂತಿದ್ದವನು ಕಂಪ್ಯೂಟರಿನ ಪರದೆಯನ್ನು ಇವರ ಕಡೆ ತಿರುಗಿಸಿ, ಪೆನ್ನಿನ ತುದಿಯಿಂದ ಮನೆಯವರ ಆರೋಗ್ಯ ಕಾರ್ಡಿನ ಎರಡು ಸಾಲು ತೋರಿಸಿದ. ಮೇಲಿನ ಸಾಲಿನಲ್ಲಿ ಅಜ್ಜಿಯ ವಯಸ್ಸು ಅರವತ್ತಾರು. ಕೆಳಗಿನ ಸಾಲಿನಲ್ಲಿ ಅಜ್ಜಿಯ ಮಗನ ವಯಸ್ಸು ಐವತ್ತೇಳು.

"ನೀವೇ ನೋಡಿ ಮೇಡಂ. ಅಮ್ಮನಿಗೂ ಮಗನಿಗೂ ಒಂಬತ್ತೇ ವರ್ಷ ವ್ಯತ್ಯಾಸ. ಕಂಪ್ಯೂಟರ್ ಒಪ್ತಿಲ್ಲ."

"ಅದು ಒಪ್ಪೋದೇನು ಬಂತು? ಹೆತ್ತೋಳು ನಾನು," ಎಂದಳು ಗಾಲಿಕುರ್ಚಿಯಲ್ಲಿ ಕೂತಿದ್ದ ಅಜ್ಜಿ.

ಸಾಲಿನಲ್ಲಿ ಹಿಂದೆ ನಿಂತವರು ನಕ್ಕರು. ಕೌಂಟರಿನವನು ನಗಲಿಲ್ಲ. ಸೋಮವಾರ ಆಪರೇಷನ್ ಇದೆ, ಅಷ್ಟರೊಳಗೆ ಅಜ್ಜಿಯ ಸರಿಯಾದ ವಯಸ್ಸು ಬರೆದು ನೋಟರಿ ಮಾಡಿಸಿದ ಪ್ರಮಾಣಪತ್ರ ತಂದುಕೊಡಬೇಕು, ಇಲ್ಲದಿದ್ದರೆ ಹಾಸಿಗೆ ಮುಂದಿನವರಿಗೆ ಹೋಗುತ್ತದೆ, ಮತ್ತೆ ಯಾವಾಗ ಸಿಗುತ್ತದೆಯೋ ಹೇಳಲಾಗದು ಎಂದು ಒಂದೇ ಉಸಿರಿನಲ್ಲಿ ಹೇಳಿ, "ನೆಕ್ಸ್ಟ್" ಎಂದು ಕೂಗಿದ.

ಗಾಲಿಕುರ್ಚಿ ತಳ್ಳುತ್ತಿದ್ದವಳು ಮೊಮ್ಮಗಳು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಹಾಗಾಗಿ ಮನೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಲೆಕ್ಕದಮ್ಮ ಎಂದೇ. ಅಜ್ಜಿಯ ಎರಡೂ ಮೊಣಕಾಲು ಸವೆದು ಹೋಗಿ, ಹಾಸಿಗೆಯಿಂದ ಬಚ್ಚಲಿಗೆ ಹೋಗುವುದೇ ಒಂದು ಪ್ರಯಾಣವಾಗಿತ್ತು. ಈ ದಿನಾಂಕಕ್ಕಾಗಿ ವರ್ಷದ ಮೇಲೆ ಕಾದಿದ್ದರು. ಅದು ಕೈತಪ್ಪಬಾರದು ಎಂಬುದಷ್ಟೇ ಲೆಕ್ಕದಮ್ಮನ ತಲೆಯಲ್ಲಿತ್ತು. ವಯಸ್ಸು ಕಂಡುಹಿಡಿಯುವುದು ಕಷ್ಟ ಎಂದು ಅವಳಿಗೆ ಆಗ ಅನ್ನಿಸಿರಲೇ ಇಲ್ಲ.

"ಅರವತ್ತಾರು ಅಂತ ಬರೆಸಿದ್ಯಾರು ಅಜ್ಜಿ?" ದಾರಿಯಲ್ಲಿ ಕೇಳಿದಳು.

"ಕಾರ್ಡು ಮಾಡೋಕೆ ಬಂದಿದ್ನಲ್ಲ, ಆ ಹುಡುಗನೇ ಬರ್ಕೊಂಡ. ವಯಸ್ಸೆಷ್ಟು ಅಂದ. ನೋಡಿದ್ರೆ ಎಷ್ಟು ಕಾಣತ್ತೆ ಅಂದೆ. ನನ್ನ ಮುಖ ನೋಡಿ ಬರ್ಕೊಂಡ." ಅಜ್ಜಿಯ ದನಿಯಲ್ಲಿ ಈಗಲೂ ಹೆಮ್ಮೆಯಿತ್ತು.

"ನೀನು ಸುಮ್ನಿದ್ಯಾ?"

"ಸರ್ಕಾರದವರು ಪ್ರೀತಿಯಿಂದ ಕೊಟ್ಟಿದ್ದನ್ನ ಬೇಡ ಅನ್ನಕ್ಕಾಗತ್ತಾ?"

ಮನೆಗೆ ಬಂದು ಮೊದಲು ಅಪ್ಪನನ್ನು ಹಿಡಿದಳು. ಅಪ್ಪ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಕೆಲಸ ಮಾಡುತ್ತಿದ್ದ. ಪಾಳಿ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದ. ಅಪ್ಪನ ಹುಟ್ಟಿದ ವರ್ಷ ಖಚಿತವಾಗಿದ್ದರೆ, ಅವನು ಹುಟ್ಟಿದಾಗ ಅಜ್ಜಿಗೆ ಎಷ್ಟಿತ್ತು ಎಂದು ಕೇಳಿ ಕೂಡಿಸಿದರೆ ಮುಗಿಯಿತು. ಮೂರನೇ ಕ್ಲಾಸಿನ ಮಕ್ಕಳೂ ಮಾಡುವ ಲೆಕ್ಕ.

"ನಂದು ಖಚಿತವಾ?" ಅಪ್ಪ ನಲ್ಲಿ ನಿಲ್ಲಿಸಿದ. "ನನ್ನನ್ನ ಶಾಲೆಗೆ ಸೇರಿಸಿದಾಗ ಮೇಷ್ಟ್ರು ಬಲಗೈನ ತಲೆ ಮೇಲಿಂದ ತಂದು ಎಡಗಿವಿ ಮುಟ್ಟು ಅಂದ್ರು. ಮುಟ್ಟಿದೆ. ಹಾಗಾದ್ರೆ ವಯಸ್ಸಾಗಿದೆ ಅಂತ ಒಂದು ತಾರೀಖು ಬರೆದ್ರು. ನಮ್ಮ ಬೆಂಚಿನ ಹುಡುಗರದ್ದೆಲ್ಲ ಒಂದೇ ಹುಟ್ಟಿದ ದಿನ. ಬೆಂಚಿಗೇ ಹುಟ್ಟುಹಬ್ಬ ಮಾಡಬಹುದಿತ್ತು."

"ಅಂದ್ರೆ ನಿನ್ನ ವಯಸ್ಸೂ ಸುಳ್ಳಾ?"

"ಸುಳ್ಳೋ ನಿಜವೋ, ಅದಕ್ಕೆ ಮಾತ್ರ ಕೈ ಹಾಕ್ಬೇಡ ತಾಯಿ. ಆಫೀಸಲ್ಲಿ ಅದೇ ವಯಸ್ಸಿಗೆ ನನ್ನ ನಿವೃತ್ತಿ ನಿಂತಿದೆ."

ಸರಿ, ಅಪ್ಪನ ವಯಸ್ಸೂ ಗೊತ್ತಿಲ್ಲದ ಅಂಶವೇ ಆಯಿತು. ಲೆಕ್ಕದಮ್ಮನಿಗೆ ಇದರಲ್ಲಿ ಒಂದು ರೀತಿಯ ಉತ್ಸಾಹವೇ ಬಂತು ಎನ್ನಬೇಕು. ಆ ವಾರ ಹತ್ತನೇ ತರಗತಿಗೆ ಕಲಿಸುತ್ತಿದ್ದ ಪಾಠವೂ ರೇಖಾತ್ಮಕ ಸಮೀಕರಣಗಳದ್ದೇ. "ಎಷ್ಟು ಗೊತ್ತಿಲ್ಲದ ಸಂಖ್ಯೆಗಳಿವೆಯೋ ಅಷ್ಟು ಸಮೀಕರಣ ಸಿಕ್ಕರೆ ಸಾಕು, ಉತ್ತರ ಓಡಿ ಬರುತ್ತದೆ" ಎಂದು ಅವಳು ಪ್ರತಿವರ್ಷ ಹೇಳುತ್ತಾ ಬಂದಿದ್ದಳು. ಮನೆಯಲ್ಲಿ ಗೊತ್ತಿಲ್ಲದವು ಎರಡು, ಅಜ್ಜಿಯ ವಯಸ್ಸು ಮತ್ತು ಅಪ್ಪನ ವಯಸ್ಸು. ಆ ಕಾಲದ್ದನ್ನು ನೆನಪಿಟ್ಟುಕೊಂಡಿರುವ ಇನ್ನೊಬ್ಬಳೆಂದರೆ ಅಜ್ಜಿಯ ತಂಗಿ, ಚಿಕ್ಕಜ್ಜಿ. ಅವಳ ವಯಸ್ಸನ್ನೂ ಸೇರಿಸಿದರೆ ಮೂರು. ಮೂರು ಸಮೀಕರಣ ಬೇಕು. ಇಬ್ಬರು ಮುದುಕಿಯರನ್ನು ಎದುರುಬದುರು ಕೂರಿಸಿದರೆ ಮೂರೇನು, ಮೂವತ್ತು ಸಿಗುತ್ತವೆ.

ಚಿಕ್ಕಜ್ಜಿ ಇದ್ದದ್ದು ಅದೇ ಬೀದಿಯ ತಿರುವಿನಾಚೆ. ಹೇಳಿ ಕಳಿಸುವುದೇ ತಡ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದೇಬಿಟ್ಟಳು. ಅಕ್ಕನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಸಾಕ್ಷಿ ಹೇಳಲು ಬಂದವಳ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಳು. ಲೆಕ್ಕದಮ್ಮ ಶಾಲೆಯಿಂದ ತಂದಿದ್ದ ಸಣ್ಣ ಬಿಳಿ ಹಲಗೆಯನ್ನು ಗೋಡೆಗೆ ಒರಗಿಸಿ, ಅಜ್ಜಿಯ ವಯಸ್ಸಿಗೆ 'ಅ', ಚಿಕ್ಕಜ್ಜಿಯ ವಯಸ್ಸಿಗೆ 'ಚ', ಮಗನಾದ ಅಪ್ಪನ ವಯಸ್ಸಿಗೆ 'ಮ' ಎಂದು ಬರೆದಳು.

"ಅಜ್ಜಿ, ಅಪ್ಪ ಹುಟ್ಟಿದಾಗ ನಿಂಗೆಷ್ಟು ವರ್ಷ?"

"ಇಪ್ಪತ್ತು. ಅದರಲ್ಲಿ ಅನುಮಾನವೇ ಇಲ್ಲ. ನಮ್ಮತ್ತೆ ಊರೆಲ್ಲ ಹೇಳ್ಕೊಂಡು ಬಂದಿದ್ರು, ಇಪ್ಪತ್ತು ತುಂಬಿದ ಮೇಲೆ ಹೆತ್ತಳು ಅಂತ, ಏನೋ ಬಸ್ಸು ತಪ್ಪಿಸ್ಕೊಂಡವಳ ಹಾಗೆ."

ಅ − ಮ = 20 ಎಂದು ಬರೆದಳು. "ಚಿಕ್ಕಜ್ಜಿ, ಆಗ ನಿಂಗೆ?"

"ಹದಿನೈದು. ಮಗೂನ ಎತ್ಕೊಳ್ಳೋಕೆ ನಂಗೆ ಕೊಡ್ತಿರ್ಲಿಲ್ಲ, ಇನ್ನೂ ಹದಿನೈದು, ಕೈಜಾರಿ ಬೀಳಿಸ್ತಾಳೆ ಅಂತ."

ಚ − ಮ = 15. "ನಿಮ್ಮಿಬ್ಬರ ಮಧ್ಯೆ ಎಷ್ಟು ಅಂತರ?"

"ಮೂರು," ಎಂದಳು ಅಜ್ಜಿ.

"ಐದು," ಎಂದಳು ಚಿಕ್ಕಜ್ಜಿ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮೂರೇ ಕಣೇ. ನನ್ನ ಲಂಗ ನಿಂಗೆ ಒಂದೇ ವರ್ಷಕ್ಕೆ ಸರಿಹೋಗ್ತಿತ್ತು. ಐದು ವರ್ಷ ಚಿಕ್ಕವಳಾಗಿದ್ರೆ ನೆಲ ಗುಡಿಸ್ತಿತ್ತು."

"ಗುಡಿಸ್ತಾನೇ ಇತ್ತಕ್ಕ! ಅಮ್ಮ ಮಡಚಿ ಹೊಲೀತಿದ್ಲು, ಮರ್ತ್ಹೋಯ್ತಾ?"

ಲೆಕ್ಕದಮ್ಮ ಅಜ್ಜಿಯ ಮಾತನ್ನೇ ಹಿಡಿದು ಬರೆದಳು. ಅ − ಚ = 3. ಮೊದಲನೆಯದರಿಂದ ಇದನ್ನು ಕಳೆದಳು. ಚ − ಮ ಹದಿನೇಳು ಬಂತು. ಅದರ ಮೇಲೆಯೇ ಹದಿನೈದು ಎಂದು ಬರೆದಿತ್ತು. ಅಂದರೆ ಸೊನ್ನೆಗೆ ಎರಡು ಸಮ. ತರಗತಿಯಲ್ಲಾದರೆ ಇಂಥ ಕಡೆ ಗೆರೆ ಎಳೆದು, "ಪರಿಹಾರವಿಲ್ಲ" ಎಂದು ಬರೆದು ಮುಂದಿನ ಲೆಕ್ಕಕ್ಕೆ ಹೋಗುತ್ತಿದ್ದಳು. ಇಲ್ಲಿ ಮುಂದಿನ ಲೆಕ್ಕ ಯಾವುದೂ ಇರಲಿಲ್ಲ.

"ಮೂರೂ ಒಟ್ಟಿಗೆ ನಿಜ ಆಗಕ್ಕೆ ಸಾಧ್ಯವೇ ಇಲ್ಲ," ಎಂದಳು. "ಯಾರೋ ಒಬ್ರು ತಪ್ಪು ಹೇಳ್ತಿದೀರಿ."

"ಅದನ್ನ ಹಲಗೆ ಮೇಲೆ ಬರ್ದು ಬೇರೆ ನೋಡ್ಬೇಕಾ? ಹುಟ್ಟಿದಾಗಿಂದ ಇವಳದ್ದು ಇದೇ," ಎಂದು ಅಜ್ಜಿ ಗೋಡೆಯ ಕಡೆ ತಿರುಗಿ ಮಲಗಿದಳು. ಚಿಕ್ಕಜ್ಜಿ ಲೋಟ ಕುಕ್ಕಿ ಎದ್ದು ಹೋದಳು. ಹೋಗುವಾಗ ಬಾಗಿಲಲ್ಲಿ ನಿಂತು, "ಮೂರಂತೆ ಮೂರು! ಮಧ್ಯದವನು ಎಲ್ಲಿಗೆ ಹೋದ?" ಎಂದು ಗೊಣಗಿದ್ದು ಲೆಕ್ಕದಮ್ಮನ ಕಿವಿಗೆ ಬಿತ್ತು.

ಮಧ್ಯದವನು? ಮರುದಿನ ಅಜ್ಜಿಯ ಕಾಲಿಗೆ ಎಣ್ಣೆ ತಿಕ್ಕುವಾಗ ಮೆಲ್ಲಗೆ ಕೇಳಿದಳು.

"ನಮ್ಮಿಬ್ಬರ ಮಧ್ಯೆ ಒಂದು ಗಂಡು ಇತ್ತು," ಎಂದಳು ಅಜ್ಜಿ. "ತೆವಳ್ತಿದ್ದ. ಜ್ವರ ಬಂತು, ಹೋದ. ಅವನನ್ನ ನಾನೇ ಆಡಿಸ್ತಿದ್ದೆ. ಹೋದ ಮೇಲೆ ಅಮ್ಮ ಅವನ ಹೆಸರೆತ್ತಬೇಡಿ ಅಂತ ಅಂದಿದ್ಲು. ಅವಳೆದುರಿಗೆ ಎತ್ತಲಿಲ್ಲ. ಆಮೇಲೆ ಎತ್ತಕ್ಕೆ ಯಾರಿದ್ರು?"

"ಚಿಕ್ಕಜ್ಜಿಗೆ ಹೇಗೆ ಗೊತ್ತು?"

"ನಾನೇ ಯಾವಾಗಲೋ ಅವಳಿಗೆ ಹೇಳಿದ್ದೆ. ಅವಳು ಹುಟ್ಟಿದ್ದು ಅವನು ಹೋದ ಮೇಲೆ. ಅವಳಿಗೆ ಅವನು ಬರೀ ಒಂದು ಮಾತು." ಅಜ್ಜಿ ಮೊಣಕಾಲನ್ನು ತಾನೇ ಒತ್ತಿಕೊಂಡಳು. "ಎಣಿಸುವಾಗ ನಾನು ಅವನ ವರ್ಷಗಳನ್ನ ಬಿಟ್ಟೇ ಎಣಿಸ್ತೀನಿ ಅನ್ನಿಸತ್ತೆ. ಸರಿ ಬಿಡು. ಐದು ಅಂತಲೇ ಬರ್ಕೋ."

ಲೆಕ್ಕದಮ್ಮ ಅಜ್ಜಿಯ ಕೈ ಸರಿಸಿ ಆ ಮೊಣಕಾಲಿಗೆ ಇನ್ನಷ್ಟು ಎಣ್ಣೆ ತಿಕ್ಕಿದಳು. ನಾಚಿಕೆಯಾಗುವ ಹಾಗೆ, ಅವಳಿಗೆ ಒಳಗೊಳಗೆ ಸಮಾಧಾನವೂ ಆಯಿತು. ಇನ್ನು ಲೆಕ್ಕ ಕೂಡಿಬರುತ್ತದೆ. ಅಜ್ಜಿಗೆ ಹೊದಿಸಿ, ಹಲಗೆಯ ಮುಂದೆ ಕೂತು ಮೂರನ್ನು ಒರೆಸಿ ಐದು ಮಾಡಿದಳು. ಮೊದಲನೆಯದರಿಂದ ಮೂರನೆಯದನ್ನು ಕಳೆದಳು. ಚ − ಮ = 15. ಎರಡನೆಯದೂ ಅದೇ. ಒಂದರಿಂದ ಒಂದನ್ನು ಕಳೆದಳು.

ಸೊನ್ನೆಗೆ ಸೊನ್ನೆ ಸಮ.

ಅವಳು ಪೆನ್ನು ಹಿಡಿದುಕೊಂಡೇ ಹಲಗೆಯನ್ನು ದಿಟ್ಟಿಸಿದಳು. ಅಜ್ಜಿಗೆ ಎಪ್ಪತ್ತಾದರೆ ಚಿಕ್ಕಜ್ಜಿಗೆ ಅರವತ್ತೈದು, ಅಪ್ಪನಿಗೆ ಐವತ್ತು. ಸರಿಹೋಗುತ್ತದೆ. ಅಜ್ಜಿಗೆ ಎಂಬತ್ತಾದರೆ ಎಪ್ಪತ್ತೈದು, ಅರವತ್ತು. ಅದೂ ಸರಿಹೋಗುತ್ತದೆ. ಅಜ್ಜಿಗೆ ನೂರು ಎಂದರೂ ಈ ಮೂರು ಸಮೀಕರಣಗಳು ಚಕಾರ ಎತ್ತುವುದಿಲ್ಲ. ಮೂರನೆಯದು ಹೊಸ ವಿಷಯ ಏನನ್ನೂ ಹೇಳುತ್ತಿರಲಿಲ್ಲ, ಮೊದಲೆರಡನ್ನೇ ಮಗುಚಿ ಹೇಳುತ್ತಿತ್ತು ಅಷ್ಟೆ. ನಿನ್ನೆ ಒಂದು ಉತ್ತರವೂ ಇರಲಿಲ್ಲ. ಇವತ್ತು ಲೆಕ್ಕವಿಲ್ಲದಷ್ಟು ಉತ್ತರ. ಇದಕ್ಕಾಗಿ ಆ ಮುದುಕಿಯ ಬಾಯಲ್ಲಿ ಸತ್ತ ತಮ್ಮನ ಮಾತು ತೆಗೆಸಿದೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಮೈ ಪರಚಿಕೊಳ್ಳುವಷ್ಟು ಸಿಟ್ಟು ಬಂತು.

ಆಮೇಲೆ ಸಿಕ್ಕ ಸಿಕ್ಕ ಪ್ರಶ್ನೆಯನ್ನೆಲ್ಲ ಕೇಳಿದಳು. ತಾತನಿಗೂ ನಿನಗೂ ಎಷ್ಟು ಅಂತರ? ಮದುವೆಯಾದ ಎಷ್ಟು ವರ್ಷಕ್ಕೆ ಅಪ್ಪ ಹುಟ್ಟಿದ? ಚಿಕ್ಕಜ್ಜಿಯ ಮದುವೆಯಲ್ಲಿ ಅಪ್ಪ ನಡೆಯುತ್ತಿದ್ದನೋ ಓಡುತ್ತಿದ್ದನೋ? ಅಜ್ಜಿ ಎಲ್ಲಕ್ಕೂ ಥಟ್ಟನೆ ಉತ್ತರ ಕೊಟ್ಟಳು. ಆದರೆ ಪ್ರತಿ ಉತ್ತರವೂ ಇವನಿಗಿಂತ ಅವಳು ಇಷ್ಟು ದೊಡ್ಡವಳು, ಅವಳಿಗಿಂತ ಇವನು ಇಷ್ಟು ಚಿಕ್ಕವನು ಎನ್ನುವ ಜಾತಿಯದೇ. ಇಡೀ ಮನೆತನ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನಿಂತಿತ್ತು, ನೆಲದ ಮೇಲೆ ಕಾಲಿಟ್ಟವರು ಒಬ್ಬರೂ ಇರಲಿಲ್ಲ.

ಶಾಲೆಯಲ್ಲೂ ಅವಳಿಗೆ ಅದೇ ಗುಂಗು. ಹತ್ತನೇ ತರಗತಿಯಲ್ಲಿ ಒಂದು ಲೆಕ್ಕ ಬಿಡಿಸುತ್ತಾ ಹೋದ ಹಾಗೆ ಕೊನೆಗೆ ಸೊನ್ನೆ ಸಮ ಸೊನ್ನೆ ಬಂತು. "ಅಪರಿಮಿತ ಪರಿಹಾರಗಳು" ಎಂದು ಬರೆದಳು. ಮುಂದಿನ ಬೆಂಚಿನ ಹುಡುಗಿ ಕೈಯೆತ್ತಿದಳು.

"ಮಿಸ್, ಅಷ್ಟೊಂದು ಉತ್ತರ ಇದ್ರೆ ಅದರಲ್ಲಿ ಸರಿಯಾದದ್ದು ಯಾವುದು?"

"ಅದು ನಂಗೆ ಗೊತ್ತಿದ್ರೆ ಇಲ್ಲಿ ಯಾಕೆ ನಿಂತಿರ್ತಿದ್ದೆ?" ಎಂದು ಕಿರುಚಿಬಿಟ್ಟಳು. ಹುಡುಗಿಯ ಕಣ್ಣು ತುಂಬಿತು. ಆಮೇಲೆ ಅವಳನ್ನು ಪಕ್ಕಕ್ಕೆ ಕರೆದು ಸಮಾಧಾನ ಮಾಡಿದಳಾದರೂ ಮನಸ್ಸು ಕಹಿಯಾಗಿಯೇ ಉಳಿಯಿತು.

ಸಂಜೆ ಮನೆಗೆ ಬಂದರೆ ಚಿಕ್ಕಜ್ಜಿ ಮತ್ತೆ ಬಂದು ಕೂತಿದ್ದಳು. ಅಕ್ಕ ಐದಕ್ಕೆ ಒಪ್ಪಿದ ಸುದ್ದಿ ಅವಳನ್ನು ಅಷ್ಟು ಬೇಗ ಮುಟ್ಟಿತ್ತು. ಲೆಕ್ಕದಮ್ಮ ಚಪ್ಪಲಿ ಬಿಡುತ್ತಾ, ಸುಸ್ತಾದ ದನಿಯಲ್ಲಿ ಕೊನೆಯ ಬಾಣ ಬಿಟ್ಟಳು.

"ಇಬ್ಬರೂ ಕೇಳಿ. ನಿಮ್ಮಿಬ್ಬರ ಅಂತರ, ಅಪ್ಪನ ಅಂತರ ಏನೂ ಬೇಡ. ಹೊರಗಡೆ ನಡೆದದ್ದು, ಊರಿಗೆಲ್ಲ ಗೊತ್ತಿರೋದು, ಅಂಥದ್ದೊಂದು ಹೇಳಿ. ಅಪ್ಪ ಚಿಕ್ಕವನಿದ್ದಾಗ ಏನಾಯ್ತು?"

"ದೊಡ್ಡ ಸೇತುವೆ!" ಎಂದರು ಇಬ್ಬರೂ ಒಟ್ಟಿಗೆ.

ಅಪ್ಪನಿಗೆ ಆಗ ಸರಿಯಾಗಿ ಒಂದು ವರ್ಷವಂತೆ. ಹುಟ್ಟಿದ ದಿನವೂ ಅದೇ ವಾರವಂತೆ. ಆಗತಾನೇ ನಡೆಯಲು ಕಲಿತಿದ್ದವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಕ್ಕತಂಗಿ ಇಬ್ಬರೂ ಹೊಳೆಯ ಹತ್ತಿರ ನಡೆದ ಸೇತುವೆಯ ಸಮಾರಂಭಕ್ಕೆ ಹೋಗಿದ್ದರಂತೆ. ಜನವೋ ಜನ. ಬ್ಯಾಂಡಿನವರ ತುತ್ತೂರಿಗೆ ಹೆದರಿ ಅಪ್ಪ ಚಿಕ್ಕಜ್ಜಿಯ ಜಡೆ ಹಿಡಿದು ಜಗ್ಗಿದ್ದನಂತೆ. ಈ ಒಂದು ವಿಷಯದಲ್ಲಿ ಇಬ್ಬರಿಗೂ ಕೂದಲೆಳೆಯಷ್ಟೂ ಭಿನ್ನಾಭಿಪ್ರಾಯವಿರಲಿಲ್ಲ.

"ಸೇತುವೆ ಪಕ್ಕ ಒಂದು ಕಲ್ಲಿದೆಯಲ್ಲ, ಅದರಲ್ಲಿ ವರ್ಷ ಕೆತ್ತಿದಾರೆ," ಎಂದ ಅಪ್ಪ, ಪತ್ರಿಕೆಯ ಹಿಂದಿನಿಂದ.

ಲೆಕ್ಕದಮ್ಮನಿಗೆ ಹೋದ ಜೀವ ಬಂದಂತಾಯಿತು. ಶನಿವಾರ ಬೆಳಿಗ್ಗೆಯೇ ಬಾಡಿಗೆ ಕಾರು ತರಿಸಿ, ಅಜ್ಜಿಯನ್ನು ಅಪ್ಪನೂ ಅವಳೂ ಎರಡು ಕಡೆ ಹಿಡಿದು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಿಸಿದರು. ಬರುವುದು ಬೇಡ ಎಂದರೂ ಅಜ್ಜಿ ಕೇಳಲಿಲ್ಲ. ನಾನಿಲ್ಲದೆ ನನ್ನ ವಯಸ್ಸು ನೋಡಿಕೊಂಡು ಬರುತ್ತೀರಾ ಎಂದು ಹಟ ಹಿಡಿದಳು. ಉಳಿದ ಜಾಗದಲ್ಲಿ ಚಿಕ್ಕಜ್ಜಿ ಮುದುರಿ ಕೂತಳು. ಅಪ್ಪ ಪಂಪ್‌ಹೌಸಿಗೆ ಹೋದ.

ಸೇತುವೆಯ ತಲೆಯಲ್ಲಿ ಲಾರಿಗಳು ಹೊಗೆ ಉಗುಳುತ್ತಾ ಸಾಲುಗಟ್ಟಿದ್ದವು. ಟೈರ್ ಅಂಗಡಿಗೂ ವಿದ್ಯುತ್ ಕಂಬಕ್ಕೂ ನಡುವೆ ಆ ಕಲ್ಲು ನಿಂತಿತ್ತು, ಆಳೆತ್ತರ, ಮೈತುಂಬ ಪೋಸ್ಟರು. ಟ್ಯೂಷನ್ನಿನದು, ಕೂದಲೆಣ್ಣೆಯದು, ಕಳೆದುಹೋದ ನಾಯಿಯದು. ಲೆಕ್ಕದಮ್ಮ ಮನೆಯ ಬೀಗದಕೈಯಿಂದ ಕೆರೆಯತೊಡಗಿದಳು. ಒಂದರ ಕೆಳಗೊಂದು, ಅದರ ಕೆಳಗೊಂದು, ಅಂಟಿನಲ್ಲಿ ಗಟ್ಟಿಯಾಗಿ ಹಲಗೆಯಂತೆ ಆಗಿದ್ದವು. ಉಗುರಿನ ಸಂದಿಯಲ್ಲಿ ರಕ್ತ ಬಂತು. ಚಿಕ್ಕಜ್ಜಿ ಕೆಳಗಿನ ಮೂಲೆಯಿಂದ ಹಿಡಿದು ಎಳೆದಳು. ಅಜ್ಜಿ ಕಾರಿನ ಕಿಟಕಿಯಿಂದಲೇ, "ಎಡಕ್ಕೆ! ಎಡಕ್ಕೆ ಕೆರಿ!" ಎಂದು ಅಪ್ಪಣೆ ಕೊಡುತ್ತಿದ್ದಳು.

ಕೊನೆಗೆ ಅಕ್ಷರ ಕಂಡವು. ಲೆಕ್ಕದಮ್ಮ ಸೆರಗಿನಿಂದ ಒರೆಸಿ ಓದಿದಳು. ಒಂದಲ್ಲ, ಎರಡು ವರ್ಷ ಇದ್ದವು. ಮೇಲೆ, ಅಡಿಗಲ್ಲು ಇಟ್ಟ ವರ್ಷ, ಈಗಿನಿಂದ ಐವತ್ತೊಂಬತ್ತು ವರ್ಷ ಹಿಂದಿನದು. ಕೆಳಗೆ, ಸಂಚಾರಕ್ಕೆ ತೆರೆದ ವರ್ಷ, ಐವತ್ತೇಳು ವರ್ಷ ಹಿಂದಿನದು. ತಿಂಗಳು ಎರಡಕ್ಕೂ ಒಂದೇ.

ಅವಳು ಕಾರಿನ ಹತ್ತಿರ ಓಡಿಬಂದಳು. "ಅಜ್ಜಿ, ನೀವು ಹೋಗಿದ್ದು ಅಡಿಗಲ್ಲಿಗೋ, ಸೇತುವೆ ತೆರೆದ ದಿನವೋ?"

"ತೆರೆದ ದಿನ. ಸೇತುವೆ ಮೇಲೆ ನಡೆದಿದೀನಿ."

"ಎಲ್ಲಿಯ ಸೇತುವೆ ಅಕ್ಕ?" ಚಿಕ್ಕಜ್ಜಿ ಹಿಂದಿನಿಂದ ಬಂದಳು. "ಅಲ್ಲಿ ಏನಿತ್ತು? ಒಂದು ಚಪ್ಪರ, ಒಂದು ಕಲ್ಲು, ಭಾಷಣ. ವಾಪಸ್ ದೋಣೀಲಿ ಬಂದ್ವಿ."

"ಚಪ್ಪಲಿಗೆ ಟಾರು ಅಂಟಿ ಒಂದು ವಾರ ಬಿಡಲಿಲ್ಲ ನಂಗೆ. ಹೊಸ ರಸ್ತೆಯ ಟಾರು ಅದು!"

"ಅದು ದೋಣಿಗೆ ಬಳಿದಿದ್ದ ಟಾರು!"

ಲೆಕ್ಕದಮ್ಮ ಇಬ್ಬರ ನಡುವೆ ನಿಂತು ಒಂದೊಂದೇ ಕೇಳಿದಳು. ಬ್ಯಾಂಡು ಎರಡು ದಿನವೂ ಇದ್ದಿರಬಹುದು. ಜನ ಎರಡು ದಿನವೂ ಬಂದಿರಬಹುದು. ಬಿಸಿಲು ಎರಡು ವರ್ಷವೂ ಇದ್ದೇ ಇರುತ್ತದೆ. ಟಾರು ಕೂಡ ಎರಡು ಕಡೆಗೂ ವಾಲಿತು. ತೆರೆದ ದಿನವೆಂದರೆ ಅಪ್ಪನಿಗೆ ಐವತ್ತೆಂಟು, ಅಜ್ಜಿಗೆ ಎಪ್ಪತ್ತೆಂಟು. ಅಡಿಗಲ್ಲಿನ ದಿನವೆಂದರೆ ಅಪ್ಪನಿಗೆ ಅರವತ್ತು, ಅಜ್ಜಿಗೆ ಎಂಬತ್ತು.

"ಚಿಕ್ಕಜ್ಜಿ, ಒಂದು ಯೋಚನೆ ಮಾಡು. ನೀನು ಹೇಳೋದೇ ನಿಜ ಆದ್ರೆ ನಿಂಗೂ ಎರಡು ವರ್ಷ ಜಾಸ್ತಿ ಆಗತ್ತೆ. ಎಪ್ಪತ್ತಮೂರು ಹೋಗಿ ಎಪ್ಪತ್ತೈದು."

ಚಿಕ್ಕಜ್ಜಿ ಗಲ್ಲ ಮೇಲೆತ್ತಿ, "ಆಗಲಿ. ಇವಳ ಮಾತು ಗೆಲ್ಲೋದಕ್ಕಿಂತ ನಾನು ಮುದುಕಿಯಾಗೋದೇ ಮೇಲು," ಎಂದಳು.

ಲೆಕ್ಕದಮ್ಮ ಕಾರಿನ ಮುಂದಿನ ಸೀಟಿನಲ್ಲಿ ಕೂತು ಬಾಗಿಲನ್ನು ದಢಾರನೆ ಹಾಕಿದಳು. ಮನೆ ತಲುಪುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಜಗಳ ಸೇತುವೆಯಿಂದ ದೋಣಿಗೆ, ದೋಣಿಯಿಂದ ದೋಣಿಯವನ ಮೀಸೆಗೆ, ಮೀಸೆಯಿಂದ ಯಾವುದೋ ಕಳೆದುಹೋದ ಬೆಳ್ಳಿ ಲೋಟಕ್ಕೆ ಹೋಗಿತ್ತು.

ಸಂಜೆ ಪಾಳಿ ಮುಗಿಸಿ ಬಂದ ಅಪ್ಪ ಸುದ್ದಿ ಕೇಳಿ ಬಿಳಚಿಕೊಂಡ. "ಅರವತ್ತಾ? ಅರವತ್ತಾದ್ರೆ ನಾನು ಇಷ್ಟೊತ್ತಿಗೆ ಮನೇಲಿ ಕೂತಿರಬೇಕಿತ್ತು! ಬಾಯಿ ಬಿಡಬೇಡಿ ಯಾರೂ. ಎಪ್ಪತ್ತೆಂಟೇ ಬರೆಸಿ, ಅಮ್ಮ ಹೇಳಿದ್ದೇ ಸರಿ."

"ಅಪ್ಪ, ನಿನಗೆ ಅನುಕೂಲ ಅಂತ ಅದು ಸರಿಯಾಗಲ್ಲ."

"ಹಾಗಾದ್ರೆ ಇನ್ನೊಂದು ಸರಿ ಅಂತ ನಿಂಗೆ ಗೊತ್ತಾ?"

ಗೊತ್ತಿರಲಿಲ್ಲ. ಅದೇ ಅವಳನ್ನು ಕೊರೆಯುತ್ತಿದ್ದದ್ದು. ಲೆಕ್ಕವಿಲ್ಲದಷ್ಟು ಉತ್ತರಗಳನ್ನು ಎರಡಕ್ಕೆ ತಂದು ನಿಲ್ಲಿಸಿದ್ದಳು. ಆ ಎರಡರಲ್ಲಿ ಒಂದು ಖಂಡಿತ ನಿಜ. ಇನ್ನೊಂದೇ ಒಂದು ಹೆಜ್ಜೆ. ಅದನ್ನು ಇಡಲು ನೆಲ ಸಿಗುತ್ತಿರಲಿಲ್ಲ. ಪಂಪ್‌ಹೌಸಿನ ಹಳಬರಿಗೆ, ಅಂಗಡಿಯವರಿಗೆ, ಅಜ್ಜಿಯ ಹಳೆಯ ಗೆಳತಿಯೊಬ್ಬಳ ಮಗಳಿಗೆ ಫೋನು ಮಾಡಿ ಕೇಳಿದಳು. ಒಬ್ಬರಿಗೆ ಸೇತುವೆಯೇ ನೆನಪಿಲ್ಲ. ಇನ್ನೊಬ್ಬರು ಅಷ್ಟು ಹೊತ್ತಿಗೆ ಹುಟ್ಟಿಯೇ ಇರಲಿಲ್ಲ. ಮತ್ತೊಬ್ಬರು ಅರ್ಧ ಗಂಟೆ ತಮ್ಮ ಸೊಂಟ ನೋವಿನ ಕಥೆ ಹೇಳಿದರು.

ಸೋಮವಾರ ಬೆಳಿಗ್ಗೆ ಬೇರೆ ದಾರಿಯಿಲ್ಲದೆ ಎಲ್ಲರೂ ಆಸ್ಪತ್ರೆಗೆ ಹೊರಟರು. ಆಸ್ಪತ್ರೆಯ ಗೇಟಿನೆದುರಿಗೇ ನೋಟರಿಯ ಪುಟ್ಟ ಕೋಣೆ. ಅಜ್ಜಿಯ ಗಾಲಿಕುರ್ಚಿಯನ್ನು ಹೊಸ್ತಿಲಿನ ಮೇಲೆ ಎತ್ತಿ ಒಳಗೆ ತಂದರು. ಟೈಪು ಮಾಡುವವಳು ಬೆರಳುಗಳನ್ನು ಕೀಲಿಗಳ ಮೇಲಿಟ್ಟುಕೊಂಡು, ತಲೆಯೆತ್ತದೆ, "ವಯಸ್ಸು?" ಎಂದಳು.

"ಎಪ್ಪತ್ತೆಂಟು," ಎಂದ ಅಪ್ಪ.

"ಎಂಬತ್ತು," ಎಂದಳು ಚಿಕ್ಕಜ್ಜಿ.

ಟೈಪು ಮಾಡುವವಳು ತಲೆಯೆತ್ತಿದಳು. "ಯಾವುದಾದ್ರೂ ಒಂದು ಹೇಳಿ. ಮಗನಿಗಿಂತ ಸಾಕಷ್ಟು ದೊಡ್ಡವರಾಗಿದ್ರೆ ಆಯ್ತು, ಅಲ್ಲಿ ಅಷ್ಟೇ ನೋಡೋದು."

"ಯಾವುದಾದ್ರೂ ಒಂದು ಅಂದ್ರೇನ್ರೀ?" ಲೆಕ್ಕದಮ್ಮನ ದನಿ ಏರಿತು. "ಒಬ್ಬ ಮನುಷ್ಯನಿಗೆ ಒಂದೇ ವಯಸ್ಸು ಇರೋದು! ಒಂದು ವಾರದಿಂದ ತಲೆ ಕೆಡಿಸ್ಕೊಂಡಿದೀನಿ, ಕಲ್ಲು ಕೆರ್ದಿದೀನಿ, ಪಾಪ ಆ ಮಕ್ಕಳ ಮೇಲೆ ರೇಗಿದೀನಿ, ನೀವು ಯಾವುದಾದ್ರೂ ಅಂತೀರಲ್ಲ!"

ಆಗ ಅಜ್ಜಿ ತಂಗಿಯ ಕಡೆ ಒಮ್ಮೆ ನೋಡಿದಳು. ಚಿಕ್ಕಜ್ಜಿ ಅಕ್ಕನ ಬಟ್ಟೆಗಂಟನ್ನು ಮಡಿಲಲ್ಲಿಟ್ಟುಕೊಂಡು, ತುಟಿ ಬಿಗಿದು, ಬೆಂಚಿನ ತುದಿಯಲ್ಲಿ ಕೂತಿದ್ದಳು. ಆಸ್ಪತ್ರೆಯಲ್ಲಿ ಅಕ್ಕನ ಜೊತೆ ಇರಲು ಬಂದವಳು ಅವಳೇ.

"ಎಪ್ಪತ್ತೊಂಬತ್ತು ಅಂತ ಹೊಡಿಯಮ್ಮ," ಎಂದಳು ಅಜ್ಜಿ.

"ಅಜ್ಜಿ!" ಲೆಕ್ಕದಮ್ಮ ಬೆಚ್ಚಿದಳು. "ಎಪ್ಪತ್ತೆಂಟು ಆಗಿರಬಹುದು, ಎಂಬತ್ತು ಆಗಿರಬಹುದು. ಎಪ್ಪತ್ತೊಂಬತ್ತು ಮಾತ್ರ ಆಗಿರೋಕೆ ಸಾಧ್ಯವೇ ಇಲ್ಲ! ಇಷ್ಟು ದಿನದಲ್ಲಿ ಖಂಡಿತವಾಗಿ ತಪ್ಪು ಅಂತ ಗೊತ್ತಾಗಿರೋ ಉತ್ತರ ಅದೊಂದೇ!"

"ಇರಲಿ ಬಿಡೇ. ಅವಳ ಮಾತಿಂದ ಒಂದು ಕಮ್ಮಿ, ನನ್ನ ಮಾತಿಂದ ಒಂದು ಜಾಸ್ತಿ. ನಾಳೆ ನಂಗೆ ಬಟ್ಟೆ ಉಡಿಸೋಳು ಅವಳು. ನಿನ್ನ ಸಮೀಕರಣ ಬರತ್ತಾ?"

ಚಿಕ್ಕಜ್ಜಿ ಗಂಟನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಟೈಪಿನ ಸದ್ದು ಶುರುವಾಯಿತು. ಅಜ್ಜಿ ಹೆಬ್ಬೆಟ್ಟು ಒತ್ತಿದಳು, ನೋಟರಿ ಮುದ್ರೆ ಒತ್ತಿದ. ಕೌಂಟರಿನವನು ಆ ಸಂಖ್ಯೆಯನ್ನು ತುಂಬಿ ಗುಂಡಿ ಒತ್ತಿದ. ಪರದೆಯ ಮೇಲೆ ಹಸಿರು ಗುರುತು ಬಂತು.

ಅದನ್ನು ನೋಡಿ ಲೆಕ್ಕದಮ್ಮನಿಗೆ ಅಳು ಬರುವ ಹಾಗಾಯಿತು. ಯಾರಾದರೂ ಹುಡುಗರು ಹೀಗೆ ಎರಡು ಉತ್ತರಗಳ ನಡುವಿನದನ್ನು ಬರೆದು ತಂದಿದ್ದರೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಸೊನ್ನೆ ಹಾಕುತ್ತಿದ್ದಳು. ಇಲ್ಲಿ ಅದಕ್ಕೆ ಮುದ್ರೆ, ಸಹಿ, ಹಾಸಿಗೆ ನಂಬರು ಎಲ್ಲ ಸಿಕ್ಕಿತ್ತು.

ಆಪರೇಷನ್ ಸುಸೂತ್ರವಾಗಿ ಆಯಿತು. ಮೂರನೆಯ ದಿನ ಶಾಲೆ ಮುಗಿಸಿ ಅವಳು ವಾರ್ಡಿಗೆ ಬಂದಾಗ ಅಜ್ಜಿಯನ್ನು ಮೊದಲ ಸಲ ಎಬ್ಬಿಸಿ ನಿಲ್ಲಿಸುತ್ತಿದ್ದರು. ವ್ಯಾಯಾಮ ಮಾಡಿಸುವ ಹೆಂಗಸು ಹಾಳೆ ನೋಡಿ, "ಎಷ್ಟು ವಯಸ್ಸು ಅಜ್ಜಿ ನಿಮಗೆ?" ಎಂದು ಮಾತಿಗೆ ಕೇಳಿದಳು.

"ಎಪ್ಪತ್ತೊಂಬತ್ತು," ಎಂದರು ಅಕ್ಕತಂಗಿ ಇಬ್ಬರೂ, ಒಂದೇ ದನಿಯಲ್ಲಿ, ಹುಟ್ಟಿದಾಗಿನಿಂದ ಹಾಗೇ ಎನ್ನುವಂತೆ.

ಲೆಕ್ಕದಮ್ಮ ಬಾಗಿಲಲ್ಲೇ ನಿಂತು ಹಲ್ಲು ಕಚ್ಚಿದಳು. ತಪ್ಪು ಎಂದು ಕೂಗಬೇಕು ಅನ್ನಿಸಿತು. ಅಜ್ಜಿ ಎರಡೂ ಕೈಯಲ್ಲಿ ವಾಕರನ್ನು ಬಿಗಿಯಾಗಿ ಹಿಡಿದು, ನೋವಿಗೆ ಮುಖ ಕಿವುಚಿ, ಬಲಗಾಲನ್ನು ಒಂದು ಗೇಣು ಮುಂದಕ್ಕೆ ಇಟ್ಟಳು. ಆಮೇಲೆ ತಲೆಯೆತ್ತಿ ಮೊಮ್ಮಗಳನ್ನು ನೋಡಿದಳು.

"ಅಲ್ಲಿ ನಿಂತ್ಕೊಂಡು ಏನ್ ಎಣಿಸ್ತಿದೀಯೆ? ಬಂದು ಈ ಕಡೆ ಹಿಡ್ಕೊ!"

ಲೆ‌ಕ್ಕದಮ್ಮ ಚೀಲವನ್ನು ನೆಲದ ಮೇಲಿಟ್ಟು ಹೋಗಿ ಹಿಡಿದುಕೊಂಡಳು.